ಫೋನಿನಲ್ಲಿದ್ದವಳು ನಾನೇ

ಅಪ್ಪನ ಬಟನ್ ಫೋನು ಅಂಗಿಯ ಕಿಸೆಯಲ್ಲಿ, ಬೆವರು ತಾಗದ ಹಾಗೆ ಒಂದು ಸಣ್ಣ ಪ್ಲಾಸ್ಟಿಕ್ ತೊಟ್ಟೆಯೊಳಗೆ ಬೆಚ್ಚಗೆ ಕುಳಿತಿರುತ್ತದೆ. ಕಾಪು ಪೇಟೆಯಲ್ಲಿ ಇಂದಿಗೂ ತಮ್ಮ ಹೊಲಿಗೆಯಂಗಡಿಯ ಬಾಗಿಲು ತೆರೆಯುವ ಅವರಿಗೆ ಬ್ಯಾಂಕು ಕಳಿಸುವ ಒಟಿಪಿ ಬಂದಿಳಿಯುವುದು ಆ ತೊಟ್ಟೆಯೊಳಕ್ಕೇ. ಅವರ ಕರೆಂಟು ಬಿಲ್ಲು, ನೀರಿನ ಬಿಲ್ಲು, ವಿಮೆಯ ಕಂತು ಇವನ್ನೆಲ್ಲ ಕಟ್ಟುವವಳು ಮಣಿಪಾಲದ ಕಚೇರಿಯಲ್ಲಿ ಕುಳಿತ ನಾನು. ನಾನು ಕರೆ ಮಾಡುತ್ತೇನೆ, ಅವರು ಅಂಕೆಗಳನ್ನು ಒಂದೊಂದಾಗಿ ಓದುತ್ತಾರೆ, ಅಲ್ಲಿಗೆ ಕೆಲಸ ಮುಗಿಯಿತು. ಇಷ್ಟು ಸರಳವಾದ ಏರ್ಪಾಡು ಹೇಗೆ ಕಗ್ಗಂಟಾಯಿತೆಂದು ಯೋಚಿಸಿದರೆ, ಸ್ನೇಹಿತರೇ, ನನಗೆ ಈಗಲೂ ತಲೆಬುಡ ತಿಳಿಯುವುದಿಲ್ಲ.

ಪಾಠ ಹೇಳಿಕೊಟ್ಟವಳು ನಾನೇ. ಮನುಷ್ಯರ ಧ್ವನಿಯನ್ನೇ ನಕಲು ಮಾಡಿ ಮುದುಕರ ಖಾತೆ ಬರಿದು ಮಾಡುವವರ ಸುದ್ದಿ ಓದಿ ಹೆದರಿ, ಗೊತ್ತಿಲ್ಲದ ನಂಬರಿನಿಂದ ನನ್ನ ಧ್ವನಿಯೇ ಬಂದರೂ ನಂಬಬೇಡಿ, ನಮಗಷ್ಟೇ ಗೊತ್ತಿರುವ ಏನಾದರೊಂದು ಕೇಳಿ ಪರೀಕ್ಷಿಸಿ ಎಂದಿದ್ದೆ. ಬದುಕಿಡೀ ಅಳತೆ ತಪ್ಪದೆ ಬಟ್ಟೆ ಕತ್ತರಿಸಿದವರು ಅಪ್ಪ. ಪಾಠವನ್ನೂ ಅಷ್ಟೇ ನಿಖರವಾಗಿ ಮನಸ್ಸಿನಲ್ಲಿಟ್ಟುಕೊಂಡರು.

ಅಂದು ಅಮ್ಮನ ಆರೋಗ್ಯ ವಿಮೆಯ ಕಂತಿಗೆ ಕೊನೆಯ ದಿನ. ಮುಂದಿನ ವಾರ ಅವಳ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಅಂಗಡಿಯಲ್ಲಿ ಅಪ್ಪನ ಪಕ್ಕ ಕುಳಿತು ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದವಳಿಗೆ ಸೂಜಿಗೆ ನೂಲು ಪೋಣಿಸಲಾಗದೆ ತಿಂಗಳುಗಳೇ ಆಗಿದ್ದವು. ನನ್ನ ಫೋನು ರಿಪೇರಿಗೆ ಹೋಗಿದ್ದರಿಂದ ಸಹೋದ್ಯೋಗಿಯ ಫೋನಿನಿಂದ ಅವಸರದಲ್ಲಿ ಕರೆ ಮಾಡಿದೆ. ಮನೆಯಲ್ಲಿ ನಮ್ಮದು ತುಳು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಅಪ್ಪ, ನಾನು. ಒಟಿಪಿ ಬಂದಿರಬೇಕು, ಬೇಗ ಹೇಳಿ.”

“ನಾನು ಅಂದ್ರೆ ಯಾರು?”

“ನಿಮ್ಮ ಸಣ್ಣ ಮಗಳು, ಸುಮತಿ!”

“ಹೆಸರು ಯಾರು ಬೇಕಾದ್ರೂ ಹೇಳಬಹುದು ಮಾರಾಯ್ತಿ. ಸಣ್ಣದಿರುವಾಗ ನಾವು ಕಡಲಿಗೆ ಹೋದಾಗ ನೀರಿನಲ್ಲಿ ಎಂತ ಹೋಯ್ತು? ಅದು ಹೇಳು.”

ನನಗೆ ನಗು ಬಂತು. ಅದನ್ನು ಮರೆಯುವುದುಂಟೆ? ದೀಪಸ್ತಂಭದ ಬಂಡೆಯ ಬುಡದಲ್ಲಿ ತೆರೆಯೊಂದು ನನ್ನ ಕೆಂಪು ಚಪ್ಪಲಿಯನ್ನು ಎಳೆದೊಯ್ದದ್ದು, ಅಳುತ್ತಿದ್ದ ನನ್ನನ್ನು ಅಪ್ಪ ಹೆಗಲ ಮೇಲೆ ಹೊತ್ತು ತಂದದ್ದು ನನ್ನ ಬಾಲ್ಯದ ಅತ್ಯಂತ ಹೊಳಪಿನ ಚಿತ್ರ.

“ಚಪ್ಪಲಿ.”

“ಅಲ್ಲ. ಕೊಡೆ,” ಎಂದವರೇ ಕರೆ ಕಡಿದರು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಅರ್ಧ ದಿನ ರಜೆ ಹಾಕಿ ಉಡುಪಿಗೆ ಬಂದು ಕಾಪುವಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಅಪ್ಪನಿಗೆ ಮರೆವು ಶುರುವಾಯಿತೇ? ಇಂದು ಚಪ್ಪಲಿ ಮರೆತವರು ನಾಳೆ ಮನೆಯ ದಾರಿ ಮರೆತರೆ?

ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಅಪ್ಪ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. “ಬಂದದ್ದು ಒಳ್ಳೆದಾಯ್ತು ಮಗಾ. ಯಾರೋ ಫೋನ್ ಮಾಡಿದ್ರು. ಧ್ವನಿ ನಿನ್ನದೇ. ಅದಕ್ಕೇ ಹೆಚ್ಚು ಹೆದರಿಕೆ ಆಯ್ತು.”

“ಅದು ನಾನೇ ಅಪ್ಪ. ಹೋದದ್ದು ಚಪ್ಪಲಿ, ಕೊಡೆ ಅಲ್ಲ.” ಸಾಕ್ಷಿಗೆಂದು, ಎಂದಿನಂತೆ ಅಂಗಡಿಯಲ್ಲೇ ಕುಳಿತಿದ್ದ ಅಮ್ಮನ ಕಡೆ ತಿರುಗಿದೆ.

ಅಮ್ಮ ಮಂಜುಗಣ್ಣಿನಿಂದ ನಮ್ಮಿಬ್ಬರನ್ನೂ ನೋಡಿದಳು. “ಎರಡೂ ಹೋದದ್ದು ಹೌದು. ಕೊಡೆ ನನ್ನದು, ಚಪ್ಪಲಿ ನಿನ್ನ ಅಕ್ಕನದ್ದು. ಅಪ್ಪ ಹೊತ್ತುಕೊಂಡು ಬಂದದ್ದೂ ಅವಳನ್ನೇ. ನೀನು ನನ್ನ ಸೊಂಟದಲ್ಲಿ ನಿದ್ರೆ ಮಾಡಿದ್ದಿ, ಅಲ್ವಾ?”

ಈಗ ಕಾರ್ಕಳದಲ್ಲಿ ಸಂಸಾರ ಮಾಡಿಕೊಂಡಿರುವ ಅಕ್ಕ ಎಷ್ಟು ಸಲ ಹೇಳಿದ ಕಥೆಯೋ ಏನೋ, ಕೇಳಿ ಕೇಳಿ ನನ್ನದಾಗಿಬಿಟ್ಟಿತ್ತು. ಅಪ್ಪನ ನೆನಪನ್ನು ತೂಗಿ ನೋಡಲು ಬಂದವಳು ನಾನು. ತಕ್ಕಡಿಯಲ್ಲಿ ಕುಳಿತದ್ದು ನನ್ನ ನೆನಪೇ. ಇಷ್ಟು ವರ್ಷ ನಾನು ಕುಳಿತುಕೊಂಡ ಆ ಹೆಗಲು ನನ್ನ ಪಾಲಿನದಲ್ಲವಾದರೆ, ಆ ಎತ್ತರದಿಂದ ನಾನು ಕಂಡ ಕಡಲು ಯಾರದು?

ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕಂತು ಕಟ್ಟಿದೆವು. ಅಪ್ಪ ನನ್ನ ಮುಖವನ್ನು ಮತ್ತೊಮ್ಮೆ ನೋಡಿ, ಸುತ್ತಲಿನವರಿಗೆ ಕೇಳಿಸದಂತೆ ಅಂಕೆಗಳನ್ನು ನನ್ನ ಕಿವಿಯಲ್ಲಿ ಉಸುರಿದರು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಅಮ್ಮ ಈಗ ಸೂಜಿಗೆ ತಾನೇ ನೂಲು ಪೋಣಿಸುತ್ತಾಳೆ.

ಮೊನ್ನೆ ಕರೆಂಟು ಬಿಲ್ಲು ಕಟ್ಟುವಾಗ ನನ್ನ ಫೋನಿನ ಚಾರ್ಜು ಮುಗಿದಿತ್ತು. ಪರೀಕ್ಷೆಗೆ ಸಿದ್ಧಳಾಗಿಯೇ ಕಚೇರಿಯ ಫೋನಿನಿಂದ ಕರೆ ಮಾಡಿದೆ. ನಾನು ಹಲೋ ಎನ್ನುವಷ್ಟರಲ್ಲೇ ಅಪ್ಪ ಅಂಕೆಗಳನ್ನು ಓದತೊಡಗಿದರು.

“ಯಾರು ಅಂತ ಕೇಳದೆ ಹೇಳಿಬಿಟ್ಟಿರಲ್ಲ ಅಪ್ಪ?”

“ಹಲೋ ಹೇಳುವ ಮೊದಲು ನೀನು ಒಂದು ಉದ್ದ ಉಸಿರು ಬಿಡ್ತೀಯಲ್ಲ, ಯಾವಾಗಲೂ. ಆವತ್ತು ಅದು ಇರಲಿಲ್ಲ. ಇವತ್ತು ಉಂಟು.”

ನಾನು ಉಸಿರು ಬಿಡುತ್ತೇನೆಯೇ? ಅದು ದಣಿವೋ, ಇನ್ನೊಂದು ಕೆಲಸ ಬಂತೆಂಬ ಬೇಸರವೋ, ಅಪ್ಪನ ಧ್ವನಿ ಕೇಳುತ್ತೇನೆಂಬ ನೆಮ್ಮದಿಯೋ, ನನಗೇ ತಿಳಿಯದು. ಅವರು ಅದನ್ನು ಏನೆಂದುಕೊಂಡಿದ್ದಾರೆಂದು ಕೇಳುವ ಧೈರ್ಯವೂ ಬರಲಿಲ್ಲ. ಈಗ ಕರೆ ಮಾಡಿದಾಗಲೆಲ್ಲ ಉಸಿರು ಬಿಡಲು ಸಂಕೋಚ. ಬಿಡದೆ ಮಾತಾಡಲು ಹೆದರಿಕೆ.