ರಂಗಮ್ಮ ಕೇಳುವ ಸೀರಿಯಲ್

ಕಳೆದ ಸೋಮವಾರ ನಮ್ಮ ಸೀರಿಯಲ್‌ನ ವಿಮಲಾ ಸ್ನಾನಕ್ಕೆಂದು ಬಚ್ಚಲಿಗೆ ಹೋದಳು. ಜಾಹೀರಾತು ಮುಗಿಯುವಷ್ಟರಲ್ಲಿ ಹೊರಗೆ ಬಂದಳು. ಬಂದವಳು ಬೇರೆ ಹುಡುಗಿ!

ಅದೇ ಗಂಡ, ಅದೇ ಅತ್ತೆ, ಅದೇ ತಾಳಿ. ಮುಖ ಮಾತ್ರ ಬೇರೆ. ಮನೆಯಲ್ಲಿ ಒಬ್ಬರಿಗೂ ಗಾಬರಿಯಿಲ್ಲ. ಗಂಡನೆಂಬವನು ಪೇಪರ್‌ನಿಂದ ತಲೆಯೆತ್ತಿ ಕಾಫಿ ಕೇಳುತ್ತಾನೆ. (ನಮ್ಮನೆಯವರೂ ಅಷ್ಟೇ ಮಾಡುತ್ತಿದ್ದರು ಬಿಡಿ.)

ನಾನು ಎರಡು ವರ್ಷದಿಂದ ಈ ಸೀರಿಯಲ್‌ನ ಭಕ್ತೆ. ನಗಬೇಡಿ, ನೀವು ಕ್ರಿಕೆಟ್ ನೋಡುವುದಿಲ್ಲವೇ? ಫ್ಯಾನ್‌ಗಳ ವಾಟ್ಸಾಪ್ ಗ್ರೂಪಿನಲ್ಲಂತೂ ಸೂತಕ. ಹಳೆಯ ವಿಮಲಾಳ ಫೋಟೋಗೆ ಯಾರೋ ಹಾರವನ್ನೂ ಹಾಕಿಬಿಟ್ಟಿದ್ದರು. ನಾನೂ ಎರಡು ದಿನ ಎಲ್ಲರ ಮೇಲೂ ಸಿಡಿಮಿಡಿಗೊಂಡೆ.

ಇದೇ ಸಂಕಟ ಹೊತ್ತುಕೊಂಡು ಬುಧವಾರ ತಿಪಟೂರಿನಿಂದ ಬಿಳಿಗೆರೆಯ ಚಿಕ್ಕಮ್ಮನ ಮನೆಗೆ ಹೋದೆ. ಅಲ್ಲಿ ಕೊಬ್ಬರಿ ಒಡೆಯುವ ಕೆಲಸ ನಡೆದಿತ್ತು. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ಸಿಪ್ಪೆ ಸುಲಿದು, ಜಗಲಿಯಲ್ಲಿ ಗುಡ್ಡೆ ಹಾಕಿದ್ದರು. ನಾಲ್ಕು ಜನ ಹೆಂಗಸರು ಮಚ್ಚು ಹಿಡಿದು ಕೂತಿದ್ದರು. ಚಿಪ್ಪು ಮಾತ್ರ ಒಡೆಯಬೇಕು, ಒಳಗಿನ ಉಂಡೆ ಕೊಬ್ಬರಿಗೆ ಗೀರೂ ಬೀಳಬಾರದು. ಅದರಲ್ಲಿ ರಂಗಮ್ಮನದು ಎತ್ತಿದ ಕೈ. ವಯಸ್ಸು ಅರವತ್ತು ದಾಟಿದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಣಗಿದೆಯೋ ಇನ್ನೂ ನೀರಿದೆಯೋ ಹೇಳಿಬಿಡುತ್ತಾರೆ.

ಮಧ್ಯಾಹ್ನ ಸೀರಿಯಲ್‌ನ ಮರುಪ್ರಸಾರ. ಹಾಲ್‌ನಲ್ಲಿ ಟಿವಿ, ವಾಲ್ಯೂಮ್ ಜೋರು. ಜಗಲಿಗೆ ಕೇಳಿಸುತ್ತದೆ, ಕಾಣಿಸುವುದಿಲ್ಲ. ಈ ಹೆಂಗಸರು ಯಾರ ಮನೆಗೆ ಕೆಲಸಕ್ಕೆ ಹೋದರೂ ಈ ಹೊತ್ತಿಗೆ ಹೀಗೇ ಜೋರಾಗಿ ಹಾಕಿಸಿಕೊಳ್ಳುತ್ತಾರಂತೆ. ಸಂಜೆ ಹೊಸ ಕಂತು ಬರುವಾಗ ಇವರೆಲ್ಲ ಹಾಲು ಕರೆಯುವುದು, ಒಲೆ ಹಚ್ಚುವುದು ಅಂತ ಓಡಾಡುತ್ತಿರುತ್ತಾರೆ. ಹಾಗಾಗಿ ಕಣ್ಣು ಮಚ್ಚಿನ ಮೇಲೆ, ಕಿವಿ ಮಾತ್ರ ವಿಮಲಾಳ ಮನೆಯಲ್ಲಿ.

‘ವಿಮಲಾ ಬದಲಾಗಿಬಿಟ್ಟಳಲ್ಲ, ನಿಮಗೆ ಬೇಜಾರಾಗಲಿಲ್ವಾ?’ ಎಂದು ಕೇಳಿದೆ.

‘ಎಲ್ಲಿ ಬದಲಾದ್ಲು? ಈಗ್ಲೂ ಅತ್ತೆ ತಾವ ಬೈಸ್ಕಂತಾನೇ ಅವ್ಳಲ್ಲ’ ಎಂದರು ರಂಗಮ್ಮನ ಪಕ್ಕ ಕಾಯಿ ಒಡೆಯುತ್ತಿದ್ದ ಜಯಮ್ಮ.

ಆಗ ಹೊಳೆಯಿತು. ನಟಿ ಬದಲಾದರೂ ಕಂಠ ಕೊಡುವವರು ಬದಲಾಗಿಲ್ಲ. ಇವರಿಗೆ ವಿಮಲಾ ಎಂದರೆ ಆ ದನಿಯೇ.

ಅಷ್ಟಕ್ಕೆ ಸುಮ್ಮನಿರಬಹುದಿತ್ತಲ್ಲ? ಸುಮ್ಮನಿರುವುದು ಗೊತ್ತಿದ್ದರೆ ನಾನೇಕೆ ಅಂಕಣ ಬರೆಯುತ್ತಿದ್ದೆ! ಪಾಪ, ಇಷ್ಟು ದಿನ ಬರೀ ಕೇಳಿದ್ದಾರೆ, ಒಂದು ದಿನ ನೋಡಲಿ ಎನ್ನಿಸಿತು. ಟಿವಿ ಸ್ಟ್ಯಾಂಡನ್ನು ದರದರ ಎಳೆದು ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದೆ. ‘ಸುಮ್ನೆ ಕೂತ್ಕಳೇ, ವೈರ್ ಕಿತ್ತೋಯ್ತದೆ’ ಎಂದರು ಚಿಕ್ಕಮ್ಮ. ಕೇಳಿದೆನೇ?

ಜಗಲಿಯಲ್ಲಿ ಕೆಲಸ ನಿಂತಿತು.

‘ಅಯ್ಯೋ, ಇವ್ಳೇನಾ ಅತ್ತೆ? ಸೊಸೆಗಿಂತ ಚಿಕ್ಕೋಳಂಗವ್ಳೆ!’

‘ಒಲೆ ಮುಂದೆ ನಿಂತ್ರೂ ಒಡವೆ ಬಿಚ್ಚಲ್ವಲ್ಲೇ!’

ನಗುವೋ ನಗು. ನನಗೆ ಪುಣ್ಯ ಕಟ್ಟಿಕೊಂಡ ಸಂತೋಷ.

ರಂಗಮ್ಮ ಮಾತ್ರ ನಗಲಿಲ್ಲ. ವಿಮಲಾಳನ್ನೇ ನೋಡುತ್ತ ಮಚ್ಚು ಬೀಸಿದರು. ಉಂಡೆ ಎರಡು ಹೋಳಾಗಿ ಬಿತ್ತು. ಜಯಮ್ಮ ಆ ಹೋಳುಗಳನ್ನು ಎತ್ತಿ ತಿರುಗಿಸಿ ನೋಡಿದರು. ರಂಗಮ್ಮನ ಕೈಯಲ್ಲಿ ಉಂಡೆ ಸೀಳಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

‘ಅದನ್ನ ಆ ಕಡೀಕೆ ತಿರುಗಿಸವ್ವ’ ಎಂದರು ರಂಗಮ್ಮ, ಟಿವಿಯತ್ತ ಕೈ ತೋರಿಸಿ. ತಿರುಗಿಸಿದೆ.

ಕಾಫಿ ಹೊತ್ತಿಗೆ ಲೋಟ ಹಿಡಿದು ಅವರ ಪಕ್ಕ ಹೋಗಿ ಕೂತೆ. ‘ಏನಾಯ್ತು ರಂಗಮ್ಮ?’ ಎಂದೆ.

‘ನಮ್ಮಕ್ಕ ಒಬ್ಳಿದ್ಲು ಕಣವ್ವ, ಗೌರಕ್ಕ ಅಂತ. ಹಂದನಕೆರೆಗೆ ಕೊಟ್ಟಿದ್ರು. ಬಾಣಂತಿ ಆಗಿದ್ದಾಗ್ಲೇ ಹೋಗ್ಬುಟ್ಲು. ನಂಗಿನ್ನೂ ಹದಿನಾಲ್ಕು ವರ್ಸ. ಈ ವಿಮಲಾ ಮಾತು ಥೇಟ್ ಅವಳ್ದೇ. ಕೇಳ್ತಾ ಕೇಳ್ತಾ ಅಕ್ಕನ ಮಕ ಕಣ್ಮುಂದೆ ಬತ್ತಿತ್ತು. ಅವಳೇ ಅಳ್ತಾವಳೇನೋ, ಅವಳೇ ಅತ್ತೆಗೆ ಎದುರು ಮಾತಾಡ್ತಾವಳೇನೋ ಅನ್ನಂಗೆ. ಈಗ ಆ ಹುಡ್ಗಿ ಮಕ ಬಂದು ಅಡ್ಡ ನಿಂತ್ಕಂತೈತೆ.’

‘ಅಕ್ಕನ ಫೋಟೋ ಇಲ್ವಾ?’

‘ಆಗ ನಮ್ಗೆಲ್ಲಿ ಫೋಟೋ? ಒಂದೂ ತೆಗ್ಸಿಲ್ಲ. ಕಣ್ಮುಂದೆ ಬತ್ತಿದ್ದ ಆ ಮಕ, ಇದ್ದಿದ್ದೇ ಅಷ್ಟು ಕಣವ್ವ.’

ನನಗೆ ನಾಚಿಕೆಯಾಯಿತು. ಎರಡು ದಿನ ನಾನು ರಂಪ ಮಾಡಿದ್ದು ಯಾವ ಮುಖಕ್ಕಾಗಿ? ಯಾರೋ ಆರಿಸಿ, ಮೇಕಪ್ ಹಾಕಿ, ನನ್ನ ಮುಂದಿಟ್ಟ ಮುಖಕ್ಕಾಗಿ. ಮುಖ, ಸೀರೆ, ಮನೆ, ಕಣ್ಣೀರು, ಎಲ್ಲವನ್ನೂ ಚಾನೆಲ್‌ನವರೇ ಕೊಡುತ್ತಾರೆ. ನಾವು ಸೋಫಾದಲ್ಲಿ ಕೂರುವುದೊಂದೇ ಬಾಕಿ. ಹಿಂದೆ ರೇಡಿಯೋ ನಾಟಕ ಕೇಳುವಾಗ, ಕಾದಂಬರಿ ಓದುವಾಗ ಮುಖ ಕೊಡುವ ಕೆಲಸ ನಮ್ಮದಾಗಿತ್ತು. (ನಾನು ಓದಿದ ನಾಯಕರೆಲ್ಲ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರ ಹಾಗೇ ಇದ್ದರು. ಇದು ಮನೆಯಲ್ಲಿ ಗೊತ್ತಿಲ್ಲ.) ಅದೊಂದು ಆಟ ಅಂತ ತಿಳಿದಿದ್ದೆ. ಸತ್ತ ಅಕ್ಕನನ್ನು ದಿನಕ್ಕೆ ಅರ್ಧ ಗಂಟೆ ಜಗಲಿಗೆ ಕರೆಸಿಕೊಳ್ಳುವುದಕ್ಕೂ ಅದು ಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ.

ನಿನ್ನೆ ಚಿಕ್ಕಮ್ಮನಿಗೆ ಫೋನ್ ಮಾಡಿ ರಂಗಮ್ಮನ ವಿಷಯ ಕೇಳಿದೆ.

‘ಬಂದವ್ಳೆ ಕಣೇ ಕೆಲ್ಸಕ್ಕೆ. ಸೀರಿಯಲ್ ಶುರುವಾಗಿದ್ದೇ ತಡ ಮಚ್ಚು ಕೆಳಗಿಟ್ಟು ಕಣ್ಮುಚ್ಕಂಡು ಕೂತ್ಕತಾಳೆ. ಅಕ್ಕ ಇನ್ನೂ ಬಂದಿಲ್ವಂತೆ.’

ಗೌರಕ್ಕನ ಫೋಟೋ ಅಂತ ಲೋಕದಲ್ಲಿ ಇದ್ದದ್ದು ರಂಗಮ್ಮನ ಕಣ್ಣೊಳಗಿನ ಆ ಮುಖವೊಂದೇ. ಉಪಕಾರ ಮಾಡಲು ಹೋಗಿ ಅದನ್ನು ಅಳಿಸಿ ಬಂದ ನಾನು ರಂಗಮ್ಮನಿಗೆ ಏನಂತ ಹೇಳಲಿ?