ದೊರೆಯ ಕಣ್ಣು ಒರೆಸುವ ಕರಿಯಕ್ಕ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಹಾದಿಯ ಹಳೇ ಐಬಿ ಬಂಗಲೆ. ಅಂಗಳದಲ್ಲಿ ಇನ್ನೂ ನಸುಗತ್ತಲು. ಕರಿಯಕ್ಕ ಏಣಿ ಹತ್ತಿ, ಒದ್ದೆ ಬಟ್ಟೆಯಿಂದ ಬಿಳೀ ದೊರೆಯ ವಿಗ್ರಹದ ಕಣ್ಣು ಒರೆಸುತ್ತಿದ್ದಾಳೆ. ತಲೆ, ಮೀಸೆ, ಕೋಟಿನ ಮೇಲೆಲ್ಲ ಪಾರಿವಾಳದ ಹಿಕ್ಕೆ, ಮಳೆಯ ಕಪ್ಪು ಗೆರೆ. ಕಣ್ಣೆರಡು ಮಾತ್ರ ಬೆಳ್ಳಗೆ, ಈಗಷ್ಟೇ ಎಚ್ಚರಾದಂತೆ. ಕುರಿ ಹಿಂಡು ಅವನ ಮುಂದೆ ಹಾಯುವುದಿಲ್ಲ. ಬೆನ್ನ ಹಿಂದಿನಿಂದ ಬಳಸಿ ಹೋಗುತ್ತದೆ.

"ಏನಕ್ಕಾ, ಅಳಿಯಂಗೆ ಎಣ್ಣೆನೀರು ಆಯ್ತಾ?" ಕಾವಲುಗಾರ ಪರಮೇಶ್ ಗೇಟಿನಾಚೆಯಿಂದಲೇ ರೇಗಿಸುತ್ತಾನೆ.

"ಎಣ್ಣೆನೀರು ಎರೆಯಾಕೆ ಅವ್ನೇನು ನೆಂಟನೇನ್ಲಾ? ಕಣ್ಣು ಮುಚ್ಚದಂಗೆ ನೋಡ್ಕಂಡ್ರೆ ಸಾಕು."

ದೊರೆಯ ಎದುರಿಗೆ ಹುಣಸೆ ಮರ. ದಂಡಿನ ಕುದುರೆಗಳಿಗೆಂದು ಮೀಸಲಿಟ್ಟ ಕಟ್ಟೆಯಲ್ಲಿ ಕುರಿಗೆ ನೀರು ಕುಡಿಸಿದ ತಪ್ಪಿಗೆ ಕುರುಬನೊಬ್ಬನನ್ನು ದೊರೆ ಆ ಮರದ ಕೊಂಬೆಗೆ ನೇಣು ಹಾಕಿಸಿದನಂತೆ. ಆ ಕುರುಬ ಕರಿಯಕ್ಕನ ಗಂಡನ ಮನೆಯ ಹಿರಿಯ. ದೊರೆ ತಾನು ಮಾಡಿದ್ದನ್ನು ನೋಡುತ್ತಲೇ ನಿಂತಿರಲಿ ಎಂದು ಆ ಮನೆಯ ಹೆಂಗಸರು ತಲೆತಲಾಂತರದಿಂದ ಈ ಕಣ್ಣು ಒರೆಸುತ್ತ ಬಂದಿದ್ದಾರೆ. ಅತ್ತೆಯ ಕೈಯಿಂದ ಬಟ್ಟೆ ಕರಿಯಕ್ಕನ ಕೈಗೆ ಬಂದು ಮೂವತ್ತೊಂದು ವರ್ಷ. ಇದಾದ ಮೇಲೆಯೇ ದಿನಗೂಲಿಯ ಕೆಲಸ: ಆರು ಕೋಣೆ ಗುಡಿಸಬೇಕು, ಬೋರಿನಿಂದ ಹನ್ನೆರಡು ಕೊಡ ನೀರು ಹೊರಬೇಕು. ಈಗೀಗ ಏಣಿಯ ಏಳನೇ ಮೆಟ್ಟಿಲಿಗೆ ಮಂಡಿ ಹಿಡಿಯುತ್ತದೆ.

ಹೋದ ವರ್ಷ ಚಳಿಜ್ವರ ಬಂದು ಮೂರು ದಿನ ಮಲಗಿದ್ದಳು. ನಾಲ್ಕನೆಯ ದಿನ ಏಣಿ ಹತ್ತಿ ನೋಡಿದರೆ ಕಣ್ಣು ಶುಭ್ರವಾಗಿತ್ತು. ರೆಪ್ಪೆಯಂಚು ಇನ್ನೂ ಹಸಿ. ಏಣಿಯಿಟ್ಟ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಅಂದಿನಿಂದ ಬೆಳಕು ಹರಿಯುವ ತನಕ ಪರಮೇಶ್ ಅಂಗಳಕ್ಕೆ ಕಾಲಿಡುವುದಿಲ್ಲ. ಕರಿಯಕ್ಕನಿಗೆ ಅಂಥ ದಿಗಿಲಿಲ್ಲ. ಮರಕ್ಕೆ ಕೈಮುಗಿದು, "ನಂಗೆ ಜರ ಬಂದಿತ್ತಲ್ಲ, ತಾತನೇ ಬಂದು ಒರೆಸ್ಬುಟ್ಟು ಹೋಗವ್ನೆ" ಅನ್ನುತ್ತಾಳೆ.

ಈಗ ವಿಗ್ರಹ ತೆಗೆಯುವ ಮಾತೆದ್ದಿದೆ. ನಮ್ಮನ್ನು ಆಳಿದವನ ಗೊಂಬೆ ನಮಗೇಕೆ ಎನ್ನುವವರು ಕೆಲವರು, ಅದೂ ಚರಿತ್ರೆಯೇ ಎನ್ನುವವರು ಕೆಲವರು. ಅಂತೂ ಸೋಮವಾರ ಕ್ರೇನ್ ಬರಲಿದೆ. ತೆರವು ಸಮಿತಿಯ ಮಲ್ಲಿಕಾರ್ಜುನಯ್ಯ ಮೇಷ್ಟ್ರು ಮೊನ್ನೆ ಕಾಗದ ಹಿಡಿದು ಬಂದಿದ್ದರು. "ಇಲ್ಲಿ ನಿಮ್ಮ ತಾತಂದೇ ವಿಗ್ರಹ ನಿಲ್ಲಿಸ್ತೀವಿ ಕಣಮ್ಮ. ಹೆಸರು ಹೇಳು, ಬರ್ಕೋತೀನಿ."

ಆ ಹೆಸರು ಕರಿಯಕ್ಕನಿಗೂ ಗೊತ್ತಿಲ್ಲ. ನೇಣಾದ ದಿನದಿಂದ ಹೆದರಿಕೆಗೆ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿಲ್ಲ. ಕೊಂದವನ ಹೆಸರು ಪೀಠದ ಮೇಲೆ ಎರಡು ಲಿಪಿಯಲ್ಲಿದೆ. ಸತ್ತವನ ಹೆಸರು ಯಾರ ನಾಲಿಗೆಯಲ್ಲೂ ಇಲ್ಲ. ದೊರೆ ಹೋದರೆ ಸತ್ತವನ ಗುರುತೂ ಹೋಗುತ್ತದೆ.

"ಹೋಗೋನು ಹೋಗ್ಲಿ ಬುಡಿ ಸ್ವಾಮಿ," ಎಂದಳು ಕರಿಯಕ್ಕ. "ಆ ಜಾಗದಾಗೆ ಒಂದು ಬರೀ ಕಲ್ಲು ನೆಡ್ಸಿ, ಅಕ್ಷರ ಬ್ಯಾಡ. ನಾ ಸತ್ಮೇಲೂ ದಾರೀಲಿ ಹೋಗೋರು ನಿಂತು, ಇದ್ಯಾರ್ದು ಅಂತ ಕೇಳ್ಬೇಕು. ಕೇಳೋರು ಇರೋಗಂಟ ತಾತ ಇದ್ದಂಗೇಯ."