ಮಗ್ಗ ನಿಂತ ಮನೆ

ಇಳಕಲ್ಲಿನ ನಮ್ಮ ಮನೆಗೆ ಇದ್ದದ್ದು ಒಂದೇ ಕೋಣೆ. ಅದರಲ್ಲಿ ಅರ್ಧ ಕುಣಿಮಗ್ಗದ್ದು. ಅಪ್ಪ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ, ನಾನು ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಓದುತ್ತಿದ್ದೆ. ಪಿಯುಸಿ‌ವರೆಗೆ ಹಾಗೇ ಓದಿ ಒಳ್ಳೆಯ ಮಾರ್ಕು ತಗೊಂಡೆ. ಮಗ್ಗದ ಆ ಖಟಖಟ ನನ್ನ ಕಿವಿಗೇ ಬೀಳುತ್ತಿರಲಿಲ್ಲ ಅಂದುಕೊಂಡಿದ್ದೆ.

ಎಪ್ಪತ್ತರ ದಶಕದ ಕೊನೆಗೆ ಬಿ.ಎ. ಓದಲು ಬಾಗಲಕೋಟೆಯ ಹಾಸ್ಟೆಲ್ ಸೇರಿದೆ. ದೊಡ್ಡ ಕೋಣೆ, ಬೇಕಾದಷ್ಟು ಗಾಳಿ, ನನ್ನದೇ ಒಂದು ಮೇಜು. ಓದುವ ಹೊತ್ತಿನಲ್ಲಿ ಯಾರೂ ಪಿಟಕ್ಕೆನ್ನಬಾರದು ಎಂಬ ಕಟ್ಟಪ್ಪಣೆ. ನೋಡಿದವರೆಲ್ಲ ಪುಣ್ಯವಂತೆ ಅಂದರು. ಆ ಮೌನದಲ್ಲಿ ಈ ಪುಣ್ಯವಂತೆಗೆ ಪುಸ್ತಕ ಹಿಡಿದು ಕೂರಲಾಗುತ್ತಿರಲಿಲ್ಲ. ಒಂದೇ ಸಾಲನ್ನು ಹತ್ತು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಊಟ ಸೇರದಾಯಿತು. "ಮನಿ ನೆನಪಾಗಿರಬೇಕು, ಸರಿ ಹೋಗ್ತೈತಿ" ಎಂದರು ಹಾಸ್ಟೆಲ್ಲಿನ ಮೇಲ್ವಿಚಾರಕಿ. ಹೇಗೋ ನೂಕಿದೆ. ಕೊನೆಯ ವರ್ಷದ ಪರೀಕ್ಷೆಗೆ ಒಂದು ತಿಂಗಳಿರುವಾಗ ತಡೆಯಲಾರದೆ ಪುಸ್ತಕ ಕಟ್ಟಿಕೊಂಡು ಊರಿಗೆ ಬಂದೆ.

ಬಂದದ್ದೇ ತಡ, ಅಪ್ಪ ಮಗ್ಗ ನಿಲ್ಲಿಸಿಬಿಟ್ಟ. "ಬಿ.ಎ. ಓದಂದ್ರ ಹುಡುಗಾಟಲ್ಲ. ಮನ್ಯಾಗ ಗದ್ಲ ಆಗಬಾರ್ದು" ಎಂದು ಅವ್ವನಿಗೂ ತಾಕೀತು ಮಾಡಿದ. ಅರ್ಧ ನೇಯ್ದ ಸೀರೆಯ ಮೇಲೆ ಬಟ್ಟೆ ಹೊದಿಸಿ, ಹಗಲೆಲ್ಲ ಹೊರಗಿನ ಕಟ್ಟೆಯ ಮೇಲೆ ಕೈ ಕಟ್ಟಿ ಕೂತ. ಓಣಿಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ "ಸಾವಕಾಶ ಮಾತಾಡ್ರಿ, ಮಗಳು ಓದಾಕತ್ಯಾಳ" ಅನ್ನುತ್ತಿದ್ದ.

ಹಾಸ್ಟೆಲ್ಲಿನಲ್ಲಿ ನನಗೆ ಏನು ಇಲ್ಲವಾಗಿತ್ತು ಎಂಬುದು ಆಗ ತಿಳಿಯಿತು. "ಯಪ್ಪಾ, ನೀ ನೇಯಿ, ನನಗ ಅದರ ಸಪ್ಪಳನ ಬೇಕು" ಅಂದಿದ್ದರೆ ಮುಗಿಯುತ್ತಿತ್ತು. ನನಗಾಗಿ ದುಡಿಮೆ ಬಿಟ್ಟು ಅಷ್ಟು ಹೆಮ್ಮೆಯಿಂದ ಕೂತವನ ಮುಂದೆ ನಾಲಿಗೆ ಹೊರಳಲಿಲ್ಲ. ನನ್ನಂಥ ದಡ್ಡಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಎರಡು ವಿಷಯಗಳಲ್ಲಿ ಫೇಲಾದೆ.

ಅಪ್ಪ ಬೈಯಲಿಲ್ಲ. "ಸಣ್ಣಾಕಿ ಇದ್ದಾಗಿಂದ ಈ ಸಪ್ಪಳದಾಗ ಬೆಳೆಸಿದ್ನಿ. ಅದಕ್ಕ ನಿನ್ನ ತೆಲಿ ಕೆಟ್ಟೈತಿ. ತಪ್ಪು ನಂದವ್ವಾ" ಎಂದ. ನಾನು ಅಂಕಪಟ್ಟಿ ತರಲು ಬಾಗಲಕೋಟೆಗೆ ಹೋಗಿ ಬರುವಷ್ಟರಲ್ಲಿ ಮಗ್ಗ ಬೇರೆಯವರ ಪಾಲಾಗಿತ್ತು. ಕುಣಿಗೆ ಮಣ್ಣು ತುಂಬಿ, ಸಾರಿಸಿ, ಮೇಲೆ ಮೇಜು ಕುರ್ಚಿ ಹಾಕಿಸಿದ್ದ. ಸ್ವಂತ ಮಗ್ಗದವನು ಇನ್ನು ಹತ್ತಿರದ ಗುಡೂರಿನಲ್ಲಿ ಇನ್ನೊಬ್ಬರ ಮಗ್ಗಕ್ಕೆ ಕೂಲಿ ಹೋಗಬೇಕಿತ್ತು. ಈಗ ಖರೆ ಹೇಳಿದರೆ ಆತನ ಕೈಯಲ್ಲಿ ಏನು ಉಳಿಯುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಗುಡೂರಿನ ಬಸ್ಸಿಗೆ ಹೊರಟವನು ಬಾಗಿಲಲ್ಲಿ ನಿಂತು ತಿರುಗಿ ನೋಡಿದ. "ಈಗ ಓದಾಕ ಆರಾಮ ಆತಿಲ್ಲವ್ವಾ?"

"ಹೂಂನಪ್ಪಾ, ಭಾಳ ಆರಾಮ ಆತು" ಎಂದೆ.